ಅಮ್ಮ ಬಿಟ್ಟ ಹಣ್ಣು

ನಮ್ಮ ಮನೆಯಲ್ಲಿ ಮಾವಿನಕಾಯಿ ಹಣ್ಣಾಗುತ್ತಿದ್ದದ್ದು ಅಮ್ಮನ ಮಂಚದ ಕೆಳಗೆ. ವಿಮಾನಪುರದ ಕ್ವಾರ್ಟರ್ಸಿನಲ್ಲಿ ನಮಗಿದ್ದದ್ದು ಒಂದು ಹಾಲ್, ಒಂದು ಕೋಣೆ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಹಣ್ಣಿಗೆ ಬೇರೆ ಜಾಗವಿರಲಿಲ್ಲ. ಅಮ್ಮ ಗೋಣಿಚೀಲ ಹಾಸಿ, ಅದರ ಮೇಲೆ ಒಣಹುಲ್ಲು ಹರಡಿ, ಒಂದಕ್ಕೊಂದು ತಾಗದ ಹಾಗೆ ಕಾಯಿ ಜೋಡಿಸಿ, ಮೇಲೆ ಹಳೆಯ ಪೇಪರು ಮುಚ್ಚುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಂಡಿಯೂರಿ ಬಗ್ಗಿ ಮೂಸಿ ನೋಡಿ, ಇನ್ನೂ ಎರಡು ದಿನ ಬೇಕು, ಇನ್ನೂ ಒಂದು ದಿನ ಬೇಕು ಎಂದು ತೀರ್ಪು ಕೊಡುವಳು. ಅವಳ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ.

ಅಮ್ಮ ಶ್ರೀನಿವಾಸಪುರದ ಕಡೆಯವಳು. ತೋಪುಗಳ ನಡುವೆ ಹುಟ್ಟಿ ಬೆಳೆದವಳಿಗೆ ಬೆಂಗಳೂರಿನ ಹಣ್ಣಿನ ಗಾಡಿಗಳ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಪುಡಿ ಹಾಕಿ ಹಣ್ಣು ಮಾಡುತ್ತಾರೆ ಎಂದು ಮೂಗು ಮುರಿಯುತ್ತಿದ್ದಳು. ಅದಕ್ಕೇ ಏಪ್ರಿಲ್ ಮುಗಿಯುತ್ತಿದ್ದಂತೆ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ರಸೆಲ್ ಮಾರ್ಕೆಟ್ಟಿನಲ್ಲಿ ಬಲಿತ ಕಾಯಿಯನ್ನೇ ಕೊಳ್ಳುತ್ತಿದ್ದಳು. ಅಂಗಡಿಯವನದ್ದು ಉರ್ದು, ಇವಳದ್ದು ತೆಲುಗು ಬೆರೆತ ಕನ್ನಡ, ನಡುವೆ ಇಬ್ಬರಿಗೂ ಅರ್ಧಂಬರ್ಧ ಬರುವ ತಮಿಳು. ಜಗಳ ಮಾತ್ರ ಮೂರರಲ್ಲೂ ಸಲೀಸಾಗಿ ನಡೆಯುತ್ತಿತ್ತು. ಕೊಯ್ದು ತಿನ್ನಲು ಬಾದಾಮಿ, ಹಾಲಿಗೆ ರಸಪುರಿ. ಈ ವಿಷಯದಲ್ಲಿ ಅವಳು ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ.

ಮಿಲ್ಕ್‌ಶೇಕ್ ಎಂಬ ಹೆಸರನ್ನು ನಾನು ಸ್ಕೂಲಿನಿಂದ ತಂದದ್ದು. ಅಮ್ಮ ಕೊನೆಯವರೆಗೂ ಅದನ್ನು ಮಾವಿನಹಣ್ಣಿನ ಹಾಲು ಎಂದೇ ಕರೆದಳು. ಹಣ್ಣನ್ನು ಒಂದು ಗಂಟೆ ನೀರಿನಲ್ಲಿ ನೆನೆಹಾಕಬೇಕು. ತೊಟ್ಟು ಕಿತ್ತು ಸೊನೆಯನ್ನು ಪೂರ್ತಿ ಹಿಂಡಿ ತೆಗೆಯಬೇಕು. ರಸವನ್ನು ಜರಡಿಯಲ್ಲಿ ಉಜ್ಜಿದರೆ ನಾರು ಮೇಲೆ ಉಳಿಯುತ್ತದೆ. ಹಾಲು ಕಾಯಿಸಿ, ಕೆನೆ ತೆಗೆದು, ಪಾತ್ರೆಯ ತಳ ಮುಟ್ಟಿದರೆ ಬೆಚ್ಚಗೂ ಅನ್ನಿಸದಷ್ಟು ಆರಿಸಬೇಕು. ನಾನು ಒಂದು ಸಲ ತಾಳ್ಮೆಗೆಟ್ಟು ಬಿಸಿಹಾಲಿಗೇ ರಸ ಸುರಿದು ಎಲ್ಲವನ್ನೂ ಒಡೆಸಿದ್ದೆ. ಅವತ್ತು ತಿಂದ ಬೈಗುಳ ಈಗಲೂ ನೆನಪಿದೆ. ಕಡೆಗೆ ಸಕ್ಕರೆ, ಒಂದೇ ಒಂದು ಏಲಕ್ಕಿ. ಮಿಕ್ಸಿಯಲ್ಲಿ ತಿರುಗಿಸಿದ ಮೇಲೆ ಅಮ್ಮ ಚಮಚದಲ್ಲಿ ಒಂದಿಷ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಊಟ ಬಿಟ್ಟು ಬರೀ ಮಾವಿನಹಣ್ಣಿನಲ್ಲೇ ದಿನ ಕಳೆಯಬಲ್ಲವಳು ಅವಳು.

ಇಂಥವಳು ಕಾಶಿಗೆ ಹೋಗಿ ಮಾವನ್ನೇ ಬಿಟ್ಟು ಬಂದಳು.

ಕಾಶಿಯಾತ್ರೆಗೆ ಹೋದವರು ಅಲ್ಲಿ ತಮಗಿಷ್ಟವಾದ ಒಂದು ಹಣ್ಣೋ ತರಕಾರಿಯೋ ಬಿಡಬೇಕು, ಆಮೇಲೆ ಜೀವ ಇರುವವರೆಗೆ ಅದನ್ನು ಬಾಯಿಗಿಡುವಂತಿಲ್ಲ ಎಂಬುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಇದರಲ್ಲಿ ಜಾಣತನ ಮಾಡುವವರೇ ಹೆಚ್ಚು. ನಮ್ಮ ಕ್ವಾರ್ಟರ್ಸಿನ ಒಬ್ಬರು ಹಾಗಲಕಾಯಿ ಬಿಟ್ಟಿದ್ದರು. ಅದನ್ನು ಅವರು ಹುಟ್ಟಿದಾಗಿನಿಂದಲೂ ತಿಂದಿರಲಿಲ್ಲ. ಅಪ್ಪ ಅಂಥವರಲ್ಲ. ಎಣ್ಣೆಗಾಯಿ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಬದನೆಕಾಯಿಯನ್ನೇ ಬಿಟ್ಟು ಬಂದರು. ಆಮೇಲೆ ಮದುವೆ ಮನೆಗಳಲ್ಲಿ ಸಾಂಬಾರಿನ ಹೋಳುಗಳನ್ನು ಒಂದೊಂದಾಗಿ ಎಲೆಯ ತುದಿಗೆ ಸರಿಸುತ್ತಾ ಕೂರುತ್ತಿದ್ದರು. ಅಮ್ಮ ಬಿಟ್ಟದ್ದು ಮಾವು ಎಂದು ತಿಳಿದಾಗ ನಾನು ಹತ್ತನೇ ಕ್ಲಾಸು. ಹುಚ್ಚು ಹಿಡಿದಿದೆಯಾ ಎಂದು ಕೂಗಾಡಿದೆ. ಕೊಡೋದು ಅಂದಮೇಲೆ ಇಷ್ಟವಾದದ್ದನ್ನೇ ಕೊಡಬೇಕು ಎಂದಷ್ಟೇ ಹೇಳಿ ಅವಳು ಪಾತ್ರೆ ತೊಳೆಯಲು ಹೋದಳು.

ಆದರೆ ಮಾಡುವುದನ್ನು ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲೂ ಅದೇ ಬಸ್ಸು, ಅದೇ ಜಗಳ, ಅದೇ ಮಂಚದ ಕೆಳಗಿನ ಹುಲ್ಲು. ಮೂಸಬಹುದೇ ಎಂಬ ಪ್ರಶ್ನೆ ಎದ್ದಾಗ ಅಪ್ಪ ಒಂದು ರಾತ್ರಿಯಿಡೀ ಯೋಚಿಸಿ, ಮೂಗಿಗೆ ಅಡ್ಡಿಯಿಲ್ಲ ಎಂದು ಅಪ್ಪಣೆ ಕೊಟ್ಟರು. ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಚಮಚ ನನ್ನ ಬಾಯಿಗಿಟ್ಟು ನನ್ನ ಮುಖವನ್ನೇ ನೋಡುತ್ತಾ ನಿಲ್ಲುವಳು. ನಾನು ಸಕ್ಕರೆ ಸಾಲದು ಎನ್ನುವೆ, ಇನ್ನೊಂದು ಚಮಚ ಬೀಳುವುದು. ಸಾಲುತ್ತಿತ್ತು, ಆದರೂ ಹಾಗೆ ಹೇಳುತ್ತಿದ್ದೆ. ಅವಳ ನಾಲಿಗೆಗೆ ಬೀಗ ಬಿದ್ದ ಮೇಲೆ ನನಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ.

ಅಪ್ಪನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ವಿಮಾನದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು; ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಲೋಹದ ತುಂಡನ್ನು ಬದಿಗೆ ಎಸೆಯುವ ಕೆಲಸ. ಆ ಬುದ್ಧಿಯನ್ನು ಮನೆಗೂ ತಂದಿದ್ದರು. ಸುಳ್ಳು ಎಂಬುದು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಒಮ್ಮೆ ನಾನು ಸ್ಕೂಲಿಗೆ ಹೋಗದ ದಿನಕ್ಕೆ ಜ್ವರ ಎಂದು ರಜೆಚೀಟಿ ಬರೆದುಕೊಡಿ ಎಂದು ಗೋಗರೆದರೂ ಕೇಳದೆ, ಮದುವೆ ಮನೆಯಲ್ಲಿ ಏಳು ಹೋಳಿಗೆ ತಿಂದು ಹೊಟ್ಟೆ ಕೆಟ್ಟಿದೆ ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ಆ ವರ್ಷವೆಲ್ಲ ನನ್ನನ್ನು ಹುಡುಗಿಯರು ಹೋಳಿಗೆ ಎಂದೇ ಕರೆದರು. ಅಪ್ಪನ ಮೇಲೆ ನನಗಿರುವ ಸಿಟ್ಟುಗಳಲ್ಲಿ ಇದು ಬಹಳ ಹಳೆಯದು.

ಅಪ್ಪ ರಿಟೈರ್ ಆದ ಮೇಲೆ ನಾವು ಕಗ್ಗದಾಸಪುರಕ್ಕೆ ಬಂದೆವು. ಆಗಷ್ಟೇ ಹೊಲಗಳ ನಡುವೆ ಸೈಟುಗಳ ಕಲ್ಲು ನೆಟ್ಟು ಮನೆಗಳು ಏಳುತ್ತಿದ್ದ ಕಾಲ. ನಾನು ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ವಾಪಸು ಬಂದು, ಇಂದಿರಾನಗರದ ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ಯಾಕೆ ಬಂದೆ ಎಂದು ಅಮ್ಮ ಒಂದು ದಿನವೂ ಕೇಳಲಿಲ್ಲ. ಅಪ್ಪ ಒಂದು ದಿನ ಮಾತ್ರ ಕೇಳಿದರು. ನಾನು ಹೇಳಿದ್ದನ್ನು ಕೇಳಿಸಿಕೊಂಡು, ಸರಿ ಎಂದು ಪೇಪರು ತೆಗೆದುಕೊಂಡರು.

ಒಂದು ಫೆಬ್ರವರಿಯಲ್ಲಿ ಅಮ್ಮ ಬಟ್ಟೆ ಒಣಹಾಕುತ್ತಾ ಬಿದ್ದಳು. ಪಾರ್ಶ್ವವಾಯು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಮಾತು ಕೆಲವು ವಾರಗಳಲ್ಲಿ ತೊದಲುತ್ತಾ ವಾಪಸು ಬಂತು. ಆದರೆ ಹಿಂದಿನ ಹತ್ತು ಹನ್ನೆರಡು ವರ್ಷ ಅವಳ ತಲೆಯಿಂದ ಜಾರಿಹೋಗಿತ್ತು. ಕ್ವಾರ್ಟರ್ಸಿನಲ್ಲೇ ಇದ್ದೇವೆ ಎಂದುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಕಾರ್ಖಾನೆಯ ಸೈರನ್ ಆಯಿತೇ ಎಂದು ಅಪ್ಪನನ್ನು ಕೇಳುತ್ತಿದ್ದಳು. ನನ್ನ ಮದುವೆ ಅವಳ ನೆನಪಿನಲ್ಲಿ ಇರಲಿಲ್ಲ, ಅದೊಂದು ಲಾಭ ಎಂದುಕೊಂಡೆ. ಕಾಶಿಯೂ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಕಟ ಊಟದ್ದು. ನೀರಿನಂಥದ್ದೇನು ಕೊಟ್ಟರೂ ನೆತ್ತಿಗೇರಿ ಕೆಮ್ಮು. ಗಟ್ಟಿಯಾದದ್ದು ನುಂಗಲು ಬರುವುದಿಲ್ಲ. ರಾಗಿಗಂಜಿಯನ್ನು ಬಾಯಲ್ಲೇ ಇಟ್ಟುಕೊಂಡು, ನಾನು ಆಚೆ ತಿರುಗಿದ ಕೂಡಲೇ ಉಗಿದುಬಿಡುವಳು. ಏಪ್ರಿಲ್ ಹೊತ್ತಿಗೆ ಅವಳ ಕೈಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ನಮ್ಮ ಬೀದಿಯ ಡಾಕ್ಟರು ನೋಡಿ, ಮಂದವಾಗಿ ಹರಿಯುವಂಥದ್ದು ಯಾವುದಾದರೂ ಸರಿ, ಅವರಾಗಿ ಬಯಸಿ ಕುಡಿಯುವಂಥದ್ದು ಕೊಡಿ, ಹೊಟ್ಟೆಗೆ ಏನೂ ಹೋಗದಿದ್ದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಅವಳಾಗಿ ಏನನ್ನೂ ಬಯಸುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಭಾನುವಾರ ನಾನು ಶಿವಾಜಿನಗರಕ್ಕೆ ಹೋಗಿದ್ದವಳು ಒಂದು ಚೀಲ ರಸಪುರಿ ಕಾಯಿ ತಂದೆ. ವರ್ಷವರ್ಷವೂ ತರುತ್ತಿದ್ದದ್ದು, ಕೈ ತಾನಾಗಿ ತಂದಿತು. ಮನೆಗೆ ಬಂದವಳೇ ಗೋಣಿಚೀಲ ಹಾಸಿ, ಹುಲ್ಲು ಹರಡಿ, ಅಮ್ಮ ಮಲಗಿದ್ದ ಮಂಚದ ಕೆಳಗೆ ಜೋಡಿಸಿ ಪೇಪರು ಮುಚ್ಚಿದೆ. ಈಗ ನಮಗೆ ಎರಡು ಕೋಣೆಗಳಿದ್ದವು, ಖಾಲಿ ಗೂಡುಗಳಿದ್ದವು, ಸ್ಟೋರ್ ಎಂಬುದೂ ಒಂದಿತ್ತು. ನಮ್ಮ ಮನೆಯಲ್ಲಿ ಮಾವು ಇಡುವುದು ಅಮ್ಮನ ಮಂಚದ ಕೆಳಗೆ, ಅಷ್ಟೇ; ಬೇರೆ ಕಡೆ ಇಡಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ನನಗೆ ಬೇಕಿರಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ.

ನಾಲ್ಕನೆಯ ದಿನ ಅಮ್ಮ ತಲೆಯನ್ನು ಮಂಚದ ಅಂಚಿಗೆ ತಿರುಗಿಸಿ ಮೂಗರಳಿಸಿದಳು.

"ಹಣ್ಣಾಗಿದೆ ಕಣೇ. ನಾಳೆಗೆ ಇಟ್ರೆ ಕೆಡುತ್ತೆ," ಎಂದಳು. ಫೆಬ್ರವರಿಯಿಂದ ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದಿರಲಿಲ್ಲ. "ಹಾಲು ಮಾಡು. ನಂಗೂ ಒಂದು ಲೋಟ ಹಾಕು," ಎಂದಳು.

ಅಪ್ಪ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಅಡುಗೆಮನೆಗೆ ಕರೆದು, ಅಲ್ಲಿ ಯಾಕೆ ಇಟ್ಟೆ ಎಂದು ಕೇಳಿದರು. ಅವರ ದನಿ ಏರಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಕೆಣಕಿತು. ಮೂರು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಏನೋ ಕೇಳಿದ್ದಾಳೆ, ಇಲ್ಲ ಅನ್ನಲೇ ಎಂದೆ. ಅವಳಿಗೆ ನೆನಪಿಲ್ಲದ ಮೇಲೆ ಯಾವ ಕಾಶಿ, ಯಾವ ವ್ರತ ಎಂದೆ. ಇನ್ನೂ ಏನೇನೋ ಅಂದೆ, ಅವರ ಬದನೆಕಾಯಿಯನ್ನೂ ಹಂಗಿಸದೆ ಬಿಡಲಿಲ್ಲ.

"ಅವಳು ಮರೆತಿದ್ದಾಳೆ ಅಂತ ನಾವೂ ಮರೆಯೋಕಾಗುತ್ತಾ?" ಎಂದರು ಅಪ್ಪ.

ಆಮೇಲೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಅಮ್ಮನ ತಾಯಿ, ಅಂದರೆ ನನ್ನ ಅಜ್ಜಿ, ಸಕ್ಕರೆ ಕಾಯಿಲೆಯಿಂದ ಮಲಗಿದ್ದಳು. ಕೊನೆಯ ಬೇಸಿಗೆಯಲ್ಲಿ ಒಂದೇ ಒಂದು ಹೋಳು ಮಾವಿಗಾಗಿ ದಿನವೂ ಅಂಗಲಾಚಿದ್ದಳಂತೆ. ತೋಪಿನ ನಡುವಿನ ಮನೆ, ಅಂಗಳದ ತುಂಬ ಹಣ್ಣು. ಪಥ್ಯ ಕೆಡಬಾರದೆಂದು ಅಮ್ಮ ಕೊಡಲಿಲ್ಲ. ಅಜ್ಜಿ ಕೇಳುತ್ತಲೇ ಹೋದಳು. ಆ ಹಣ್ಣನ್ನು ಅಮ್ಮ ಕಾಶಿಯಲ್ಲಿ ಅಜ್ಜಿಯ ಹೆಸರಿನಲ್ಲಿ ನೀರಿಗೆ ಬಿಟ್ಟಳು, ಹೊಳೆಯಿಂದ ಮೇಲೆ ಬಂದು, ಈಗ ಹಗುರಾಯಿತು ಎಂದಳು. ಅವಳು ಹನ್ನೆರಡು ವರ್ಷ ಹಿಡಿದುಕೊಂಡು ಬಂದದ್ದನ್ನು ಅವಳಿಗೆ ತಿಳಿಯದ ಹೊತ್ತು ನೋಡಿ ನಾವು ಕೆಡಿಸಬಾರದು ಎಂದರು ಅಪ್ಪ. ಇದು ಕಳ್ಳತನ ಎಂಬ ಮಾತನ್ನೂ ಬಳಸಿದರು.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಅಜ್ಜಿ ಆಸೆ ಇಟ್ಕೊಂಡೇ ಹೋದ್ಳು. ಈಗ ಇವಳೂ ಹಾಗೇ ಹೋಗ್ಬೇಕಾ?"

ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ವರಾಂಡಕ್ಕೆ ಹೋಗಿ, ಬೀದಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತರು.

ಆ ದಿನ ನಾನು ಹಾಲು ಮಾಡಲಿಲ್ಲ. ಅಪ್ಪ ಹೇಳಿದ್ದು ತಪ್ಪು ಎಂದು ನನಗೆ ಅನ್ನಿಸಿದ್ದರೆ ಮಾಡಿಬಿಡುತ್ತಿದ್ದೆ. ಅಮ್ಮ ಸಂಜೆಯವರೆಗೆ ನಾಲ್ಕು ಸಲ ಕೇಳಿದಳು, ಹಾಲು ಆರಲಿ, ಆರಲಿ ಎಂದು ನಾಲ್ಕು ಸಲವೂ ತಳ್ಳಿಹಾಕಿದೆ. ಐದನೆಯ ಸಲ ಅವಳು ಕೇಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು, ಗಂಜಿಯ ಚಮಚ ತುಟಿಗೆ ತಾಗಿದರೂ ಬಾಯಿ ತೆರೆಯಲಿಲ್ಲ. ನನಗೆ ಅಷ್ಟು ಸಾಕಾಯಿತು.

ಮರುದಿನ ಕ್ಲಿನಿಕ್ಕಿಗೆ ರಜೆ ಹೇಳಿ, ಕೆಡದೆ ಉಳಿದಿದ್ದ ಹಣ್ಣು ಆರಿಸಿ ನೆನೆಹಾಕಿದೆ. ಹಾಲು ಕಾಯಿಸಿ, ಪಾತ್ರೆಯನ್ನು ನೀರಿನ ಬೇಸಿನ್ನಿನಲ್ಲಿ ಇಳಿಸಿಟ್ಟೆ. ರಸ ಉಜ್ಜಿ ಮುಗಿಸಿ ಮಿಕ್ಸಿಗೆ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ಮೇ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಅದು ದಿನದ ಮಾತು. ಕಡಗೋಲು ಹುಡುಕಿ ತೆಗೆದು, ಅಂಗೈಗಳ ನಡುವೆ ಹಿಡಿದು ಕಡೆಯತೊಡಗಿದೆ. ಮಿಕ್ಸಿಯಾಗಿದ್ದರೆ ಅರ್ಧ ನಿಮಿಷದ ಕೆಲಸ. ಕಡಗೋಲಿನಲ್ಲಿ ಹತ್ತು ನಿಮಿಷ ಹಿಡಿಯಿತು, ಆ ಹತ್ತು ನಿಮಿಷವೂ ಪಾತ್ರೆಯ ಸದ್ದು ವರಾಂಡದಲ್ಲಿ ಕೂತ ಅಪ್ಪನಿಗೆ ಕೇಳಿಸುತ್ತಿತ್ತು. ಎದ್ದು ಬಂದು ಬೇಡ ಎಂದರೆ ಏನು ಮಾಡುವುದು ಎಂದು ಯೋಚಿಸುತ್ತಾ ಕಡೆದೆ. ಅವರು ಬರಲಿಲ್ಲ.

ಅಮ್ಮನನ್ನು ಎರಡು ದಿಂಬಿಗೆ ಒರಗಿಸಿ, ಮೊದಲ ಚಮಚವನ್ನು ನಾಲಿಗೆಯ ಎಡಭಾಗಕ್ಕೆ ಇಟ್ಟೆ. ಅವಳು ನುಂಗಿದಳು. ಕೆಮ್ಮು ಬರಲಿಲ್ಲ. ಕಣ್ಣು ಮುಚ್ಚಿದಳು. ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಸಕ್ಕರೆ ಜಾಸ್ತಿಯಾಗಿದೆ ಎಂದಳು. ಲೋಟ ಪೂರ್ತಿ ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು, ಆದರೆ ಮುಗಿಯಿತು.

ಹಾಗೆ ಒಂಬತ್ತು ದಿನ ನಡೆಯಿತು, ನಡುವೆ ಇನ್ನೊಂದು ಚೀಲ ಹಣ್ಣು ತಂದೆ. ದಿನವೂ ಅವಳೇ ಕೇಳುವಳು, ದಿನವೂ ಅವಳಿಗೆ ಅದು ಆ ವರ್ಷದ ಮೊದಲ ಹಣ್ಣು. ಸಕ್ಕರೆಯನ್ನು ಅವಳು ಹೇಳಿದಷ್ಟಕ್ಕೆ ಇಳಿಸಿದೆ. ಮುಖಕ್ಕೆ ಸ್ವಲ್ಪ ಕಳೆ ಬಂತು, ಮಾತು ಸ್ವಲ್ಪ ಬಿಡಿಸಿಕೊಂಡಿತು. ಅಪ್ಪ ಮಾತ್ರ ನನ್ನೊಂದಿಗೆ ಮಾತು ಬಿಟ್ಟಿದ್ದರು. ನಾನು ಲೋಟ ಹಿಡಿದು ಕೋಣೆಗೆ ಬಂದರೆ ಅವರು ಎದ್ದು ವರಾಂಡಕ್ಕೆ ಹೋಗುವರು, ಖಾಲಿ ಲೋಟ ಹಿಡಿದು ನಾನು ಹೊರಬಂದ ಮೇಲೆ ಒಳಗೆ ಬರುವರು. ಅವರ ಬೆನ್ನು ನೋಡಿದಾಗೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿ ಚೇತರಿಸಿಕೊಳ್ಳುತ್ತಿರುವುದು ಕಣ್ಣಿಗೆ ಕಾಣುವುದಿಲ್ಲವೇ ಎಂದುಕೊಳ್ಳುತ್ತಿದ್ದೆ. ಅದರ ಜೊತೆಗೇ, ಅಮ್ಮನ ವಸ್ತುವೊಂದನ್ನು ಅವಳ ಪೆಟ್ಟಿಗೆಯಿಂದ ಎತ್ತಿಕೊಂಡ ಹಾಗೆ ಒಂದು ಅಂಜಿಕೆ ನನ್ನೊಳಗೂ ಇತ್ತು. ಅದನ್ನು ಅಪ್ಪನ ಮುಂದೆ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಕೊನೆಯ ಚಮಚ ಕುಡಿಸಿ ನಾನು ಏಳುತ್ತಿದ್ದೆ. ಅಮ್ಮ ಕಿಟಕಿಯ ಕಡೆ ನೋಡುತ್ತಿದ್ದವಳು, ಇದು ಕಗ್ಗದಾಸಪುರದ ಮನೆ ಅಲ್ಲವೇ ಎಂದಳು. ನಾನು ಬೆಚ್ಚಿಬಿದ್ದೆ. ತಾನು ಬಿದ್ದು ಎಷ್ಟು ದಿನವಾಯಿತು ಎಂದು ಕೇಳಿದಳು. ನನ್ನ ಗಂಡನ ಮನೆಯವರು ಮತ್ತೆ ಬಂದಿದ್ದರೇ ಎಂದು ಕೇಳಿದಳು. ಮಂಜು ಸರಿದ ಹಾಗೆ ಎಲ್ಲವೂ ಅವಳಿಗೆ ಕಾಣುತ್ತಿತ್ತು. ಅಪ್ಪ ದನಿ ಕೇಳಿ ಒಳಗೆ ಓಡಿ ಬಂದು ಮಂಚದ ಮೇಲೆ ಕೂತರು. ಅಮ್ಮ ಅವರ ಕೈ ಹಿಡಿದುಕೊಂಡು, ಕಾಶಿಯ ಮೆಟ್ಟಿಲು ನೆನಪಿದೆಯಾ, ನೀರು ಎಷ್ಟು ತಣ್ಣಗಿತ್ತು ಎಂದಳು. ಅವಳ ನಾಲಿಗೆ ತುಟಿಯ ಮೇಲೆ ಒಮ್ಮೆ ಆಡಿತು. ಮುಖದಲ್ಲಿ ಭಯ ಕಾಣಿಸಿಕೊಂಡಿತು.

"ರೀ, ನಾನು ಮಾವು ಬಿಟ್ಟಿದ್ದೆ ಅಲ್ವಾ? ನಂಗೆ ಯಾರೂ ಕೊಟ್ಬಿಡ್ಲಿಲ್ಲ ತಾನೇ?"

ಅವಳು ಕೇಳಿದ್ದು ನನ್ನನ್ನಲ್ಲ, ಅಪ್ಪನನ್ನು. ಯಾಕೆಂದು ನನಗೆ ಗೊತ್ತಿತ್ತು. ಖಾಲಿ ಲೋಟ ನನ್ನ ಕೈಯಲ್ಲೇ ಇತ್ತು, ಅದನ್ನು ಸೆರಗಿನ ಹಿಂದೆ ಸರಿಸಿದೆ. ಅವಳ ಬಾಯಿಯ ಬಲಗಡೆ, ಅವಳಿಗೆ ಸ್ಪರ್ಶ ತಿಳಿಯದ ಆ ಮೂಲೆಯಲ್ಲಿ, ಹಳದಿ ರಸ ಇಳಿದು ಗಲ್ಲದವರೆಗೆ ಬಂದಿತ್ತು. ಅಪ್ಪನಿಗೆ ಅದು ಕಾಣುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು. ಇನ್ನೊಂದು ಕ್ಷಣಕ್ಕೆ ಅವರು ಹೌದು ಎನ್ನುತ್ತಾರೆ, ಅಮ್ಮ ಅದನ್ನು ತಾಳುವುದಿಲ್ಲ ಎಂದುಕೊಂಡೆ.

ಅಪ್ಪ ಹೆಗಲಿನಿಂದ ಟವೆಲ್ ತೆಗೆದು, ಅದರ ತುದಿಯಿಂದ ಅವಳ ಬಾಯಿ ಒರೆಸಿದರು. ಗಲ್ಲವನ್ನೂ ಒರೆಸಿದರು. ಕಲೆಯಾದ ಭಾಗ ಒಳಗೆ ಹೋಗುವ ಹಾಗೆ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಇಲ್ಲ ಕಣೇ. ಯಾರೂ ಕೊಟ್ಟಿಲ್ಲ," ಎಂದರು.

ಅಮ್ಮ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ಮೈ ಸಡಿಲಾಯಿತು, ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆ ಹತ್ತುವವರೆಗೆ ಅಪ್ಪ ಅಲ್ಲಿಂದ ಏಳಲಿಲ್ಲ.

ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅಪ್ಪ ಬಂದು ಟವೆಲ್ಲನ್ನು ಬಕೆಟ್ಟಿನಲ್ಲಿ ನೆನೆಹಾಕಿದರು. ಹತ್ತು ದಿನಗಳ ನಂತರ ನನ್ನೊಂದಿಗೆ ಅವರ ಮೊದಲ ಮಾತು, ನಾಳೆ ಕೇಳಿದರೆ ಕೊಡು ಎಂಬುದು. ವ್ರತ ಏನಾಯಿತು ಎಂದು ಕೇಳಿದೆ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕಿತ್ತು.

"ಅವಳದ್ದು ಅವಳಿಗೆ ಉಳೀತು," ಎಂದರು. "ಕೆಟ್ಟಿದ್ದು ನಂದು."

ಮರುದಿನ ಬೆಳಿಗ್ಗೆ ಅಮ್ಮ ಎಲ್ಲವನ್ನೂ ಮರೆತಿದ್ದಳು, ಮತ್ತೆ ಮಾವಿನಹಣ್ಣಿನ ಹಾಲು ಕೇಳಿದಳು. ನಾನು ತಂದಾಗ ಅಪ್ಪ ಎದ್ದು ಹೋಗಲಿಲ್ಲ. ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಅವಳ ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿ, ಒಂದೊಂದೇ ಚಮಚ ತಾವೇ ಕುಡಿಸಿದರು.